ಇಬ್ಬರು ಷಡ್ಡಕರು, ಎಂಟು ಗೊರಸು

ಆಗಸ್ಟ್ ಹನ್ನೆರಡು, ಮಂಗಳವಾರ. ರಾಯದುರ್ಗದಲ್ಲಿ ಬೆಳಗಿನಿಂದ ಮೋಡ. ಗಾಳಿ ಬೀಸಿತು, ಮಳೆ ಬರಲಿಲ್ಲ.

ಅಂದು ನಮ್ಮ ಗೌರಿಯ ಲಾಳ ಕೀಳಿಸಿದೆ. ಗೌರಿ ಎಂದರೆ ನಮ್ಮ ಹೆಣ್ಣು ಕುದುರೆ. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರ ನಡುವೆ ನಗೆಪಾಟಲಿನ ಸಂಗತಿಗಳು ನಡೆಯುತ್ತಲೇ ಇರುತ್ತವೆ. ಆ ಇಬ್ಬರಿಗೂ ಒಂದೊಂದು ಕುದುರೆ ಇದ್ದರಂತೂ ಕೇಳುವುದೇ ಬೇಡ. ನಾನು ಹೆಚ್ಚು ಮಾತಾಡುವವನಲ್ಲ. ಆದರೆ ಅಂದಿನಿಂದ ಮಾಘದ ಮದುವೆಯವರೆಗೆ ನಡೆದದ್ದನ್ನು ನಾನು ಬರೆದಿಡದಿದ್ದರೆ ನನ್ನ ಷಡ್ಡಕ ಹೇಳಿದ್ದೇ ಉಳಿಯುತ್ತದೆ. ಅವನು ಮಾತಾಡುವವನು.

ಮಾವ ಹಂಚಿದ್ದು

ನನ್ನ ಮಾವ ಮಡಕಶಿರದಲ್ಲಿ ಜಟಕಾ ಹೊಡೆಯುತ್ತಿದ್ದರು. ಆಟೋಗಳು ಬಂದ ಮೇಲೆ ಜಟಕಾ ಬಿಟ್ಟರು, ಕುದುರೆ ಬಿಡಲಿಲ್ಲ. ಅವರ ಕೊನೆಗಾಲಕ್ಕೆ ಒಂದೇ ತಾಯಿಯ ಎರಡು ಹೆಣ್ಣು ಮರಿಗಳು ಉಳಿದಿದ್ದವು. ಶಿವಭಕ್ತರಾದ್ದರಿಂದ ದೊಡ್ಡದಕ್ಕೆ ಗೌರಿ, ಸಣ್ಣದಕ್ಕೆ ಗಂಗೆ ಎಂದು ಹೆಸರಿಟ್ಟರು. ಇಬ್ಬರು ಹೆಣ್ಣುಮಕ್ಕಳನ್ನು ಕೊಟ್ಟಾಗಿತ್ತು. ಕುದುರೆಗಳನ್ನೂ ಅದೇ ಕ್ರಮದಲ್ಲಿ ಹಂಚಿದರು. ದೊಡ್ಡ ಅಳಿಯನಾದ ನನಗೆ ಗೌರಿ, ಸಣ್ಣ ಅಳಿಯನಿಗೆ ಗಂಗೆ. ಹಂಚಿ, ನಿಶ್ಚಿಂತೆಯಿಂದ ಕಣ್ಣು ಮುಚ್ಚಿದರು.

ನನ್ನದು ರಾಯದುರ್ಗದಲ್ಲಿ ಎಂಟು ಹೊಲಿಗೆ ಯಂತ್ರಗಳ ಜೀನ್ಸ್ ಕಾರ್ಖಾನೆ. ಅದು ಬಿಟ್ಟರೆ ಪುಸ್ತಕ ಓದುವ ಚಟ. ಗೌರಿ ಮದುವೆ ಮೆರವಣಿಗೆಗಳಿಗೆ ಬಾಡಿಗೆ ಹೋಗಿ ತನ್ನ ಹುಲ್ಲು ಹುರುಳಿಯನ್ನು ತಾನೇ ದುಡಿದುಕೊಳ್ಳುತ್ತಾಳೆ. ಷಡ್ಡಕನದು ಮಡಕಶಿರದ ಪಕ್ಕದಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಅವನ ಗೂಡಿಗೆ ಯಾವಾಗಲೂ ಒಳ್ಳೆಯ ದರ. ಅವನ ಬೋರಿನಲ್ಲಿ ಬೇಸಿಗೆಯಲ್ಲೂ ನೀರು. ನಲವತ್ತೈದಕ್ಕೆ ಅವನಿಗೆ ತಲೆ ತುಂಬ ಕೂದಲು. ನಾನು ಇವನ್ನೆಲ್ಲ ಎಣಿಸುತ್ತ ಕೂರುವವನಲ್ಲ. ಎಣಿಸದೆಯೂ ಗೊತ್ತಾಗುತ್ತದೆ.

ಪುರಾಣದಲ್ಲಿ ಗಂಗೆ ಗೌರಿಯರು ಸವತಿಯರು, ಜಗಳವಾಡಿದರು. ನಮ್ಮಲ್ಲಿ ಕುದುರೆಗಳು ಅಕ್ಕತಂಗಿಯರಾಗಿಯೇ ಉಳಿದವು. ಸವತಿ ಮತ್ಸರ ನಮ್ಮ ಪಾಲಿಗೆ ಬಂತು.

ಹೀಗಿರುವಾಗ ನನ್ನ ಹೆಂಡತಿಯ ತಮ್ಮನಿಗೆ, ಆ ಮನೆಯ ಕೊನೆಯ ಮಗನಿಗೆ, ಮಾಘಕ್ಕೆ ಮದುವೆ ನಿಶ್ಚಯವಾಯಿತು. ಮದುಮಗ ಅಪ್ಪನ ಕುದುರೆಯ ಮೇಲೆಯೇ ಬರಬೇಕೆಂದು ಅತ್ತೆ ಹೇಳಿದರು. ಅವರ ಮನೆಯ ಪದ್ಧತಿ ಹೀಗೆ: ಕುದುರೆ ಯಾವ ಅಳಿಯನದೋ ಅವನೇ ಲಗಾಮು ಹಿಡಿದು ಮೆರವಣಿಗೆಯ ಮುಂದೆ ನಡೆಯಬೇಕು. ಇನ್ನೊಬ್ಬ ಅಳಿಯ ಹಣ್ಣಿನ ತಟ್ಟೆ ಹಿಡಿದು ಹಿಂದೆ, ಹೆಂಗಸರ ಗುಂಪಿನೊಂದಿಗೆ ಬರಬೇಕು.

"ಯಾವ ಕುದುರೆ, ಅತ್ತೆ?" ಎಂದು ಕೇಳಿದೆ. ಅವರನ್ನು ನಾನು ವರ್ಷಕ್ಕೆ ಒಂದೆರಡು ಪ್ರಶ್ನೆಗಿಂತ ಹೆಚ್ಚು ಕೇಳುವುದಿಲ್ಲ.

"ಚೆನ್ನಾಗಿ ನಡೆಯೋದು ಯಾವುದೋ ಅದು," ಅಂದರು.

ಹಣ್ಣಿನ ತಟ್ಟೆ ಅಂಥ ಭಾರವೇನಲ್ಲ. ಆದರೂ ಅಂದಿನಿಂದಲೇ ನನ್ನ ಕೈ ನೋಯತೊಡಗಿತು.

ಇಕ್ಕಳ ಕೆಳಗಿಟ್ಟ ಅಜ್ಜ

ನೋವು ಸುಮ್ಮನೆ ಬಂದದ್ದಲ್ಲ. ಗೌರಿಯ ಮುಂಗಾಲಿನ ಗೊರಸು ಬಿರುಕು ಬಿಟ್ಟಿತ್ತು. ಸಿಮೆಂಟು ರಸ್ತೆಗಳಲ್ಲಿ ಮೆರವಣಿಗೆ ಮಾಡಿ, ಎರಡು ತಿಂಗಳಿಗೊಮ್ಮೆ ಲಾಳಕ್ಕೆ ಹೊಸ ಮೊಳೆ ಹೊಡೆಸಿ, ಗೊರಸಿನ ಅಂಚು ಜರಡಿಯಾಗಿತ್ತು. ಕಲ್ಲಿನ ಮೇಲೆ ಕಾಲಿಟ್ಟರೆ ತಲೆ ಅಲ್ಲಾಡಿಸುತ್ತಿದ್ದಳು.

ಅದೇ ವಾರ ಷಡ್ಡಕ ಫೋನಿಗೆ ಒಂದು ವಿಡಿಯೋ ಕಳಿಸಿದ. ಮಡಕಶಿರದ ಕೋಟೆ ಬೆಟ್ಟದ ಕಲ್ಲುದಾರಿಯಲ್ಲಿ ಅವನ ಗಂಗೆ ಹೂವಿನ ಮೇಲೆ ನಡೆದಂತೆ ಏರುತ್ತಿದ್ದಳು. ಕೆಳಗೆ ಬರೆದಿದ್ದ: "ಬರಿಗಾಲು ಅಣ್ಣ. ಹುಟ್ಟಿದಾಗಿಂದ ಕಬ್ಬಿಣ ಕಂಡಿಲ್ಲ." ನನ್ನ ಹೆಂಡತಿ ಅದನ್ನು ಮೂರು ಸಲ ನೋಡಿದಳು. ನಾನು ನೋಡದವನಂತೆ ನಾಲ್ಕು ಸಲ ನೋಡಿದೆ.

ಆಮೇಲೆ ಹದಿನೈದು ದಿನ ಗೊರಸಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಲಾಳ ತೆಗೆದರೆ ಗೊರಸು ಮೇಲಿನಿಂದ ಹೊಸದಾಗಿ ಇಳಿಯುತ್ತದೆ. ಮೊಳೆಯ ತೂತುಗಳು ಸವೆದು ಹೋಗಲು ನಾಲ್ಕೈದು ತಿಂಗಳು ಸಾಕು. ಅಲ್ಲಿಯವರೆಗೆ ಮೊದಲು ಮೆತ್ತನೆಯ ಮಣ್ಣು, ಆಮೇಲೆ ಗಟ್ಟಿ ನೆಲ, ಕೊನೆಗೆ ಕಲ್ಲು, ಹೀಗೆ ನಿಧಾನವಾಗಿ ನಡೆಸಬೇಕು. ಅವಸರ ಮಾಡಿದರೆ ಕುದುರೆ ಕಾಯಂ ಕುಂಟಾಗುತ್ತದೆ. ಮಾಘಕ್ಕೆ ಆರು ತಿಂಗಳಿತ್ತು. ಗಂಗೆಗೆ ಆಗುವುದು ಗೌರಿಗೆ ಯಾಕಾಗಬಾರದು?

ಸಂತೆ ಬಯಲಿನ ಬೇವಿನ ಮರದ ಕೆಳಗೆ ಎತ್ತುಗಳಿಗೂ ಕುದುರೆಗಳಿಗೂ ಲಾಳ ಕಟ್ಟುವ ಅಜ್ಜ ಒಬ್ಬರಿದ್ದಾರೆ. ನಮ್ಮ ಕಡೆ ಆ ಕಸುಬಿನವರು ಅವರೊಬ್ಬರೇ ಉಳಿದಿರುವುದು. ಗೌರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿ ಹೇಳಿದರು:

"ಇನ್ನ ಮೊಳಿ ಹಿಡಿಯಂಗಿಲ್ರಿ ಸಾವ್ಕಾರ್ರ. ಹಪ್ಪಳಕ್ಕ ಮೊಳಿ ಹೊಡದಂಗ ಆಕ್ಕೈತಿ."

"ಹೊಡಿಬ್ಯಾಡ್ರಿ. ಇದ್ದದ್ದನ್ನೂ ಕೀಳ್ರಿ. ಇನ್ನ ಮ್ಯಾಲ ಆಕಿ ಬರಿಗಾಲಾಗ ಇರ್ತಾಳ."

ಅಜ್ಜ ಇಕ್ಕಳ ಕೆಳಗಿಟ್ಟರು. "ಚಪ್ಪಲಿ ಅಂಗಡಿಗೆ ಬಂದು, ನಾಳಿಂದ ನಾನು ಬರಿಗಾಲಾಗ ತಿರಗತೀನಿ, ಹಾಕ್ಕೊಂಡಿರೋ ಚಪ್ಪಲಿನೂ ನೀನ ಬಿಡಸು ಅಂದಂಗಾತಲ್ರೀ."

"ಕೀಳಾಕ ಎಷ್ಟ್ರಿ?"

"ಹಾಕಾಕ ಎಷ್ಟೋ ಅದರ ಎರಡರಷ್ಟು."

"ಯಾಕ್ರಿ? ಇದರಾಗ ಕಬ್ಬಿಣ ಇಲ್ಲ, ಮೊಳಿ ಇಲ್ಲ."

"ಹಾಕಿದ್ರ ಎರಡು ತಿಂಗಳಿಗೆ ಮತ್ತ ಬರ್ತೀರಿ. ಕಿತ್ತರ ಯಾವತ್ತೂ ಬರಂಗಿಲ್ಲ. ಬರದಿದ್ದದ್ದಕ್ಕೂ ಈಗ ತಗೋಬೇಕಲ್ರೀ."

ನಾನು ಓದಿದ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಈ ಲೆಕ್ಕ ಇರಲಿಲ್ಲ. ಕೊನೆಗೆ ತಿಂಗಳಿಗೊಮ್ಮೆ ಬಂದು ಅರ ಹಾಕಿ ಗೊರಸಿನ ಅಂಚು ದುಂಡಗೆ ಮಾಡುವುದಕ್ಕೆ ಅವರನ್ನೇ ಗೊತ್ತು ಮಾಡಿದೆ. ಅವರ ಕೋಪ ಇಳಿಯಿತು, ಲಾಳ ಕಳಚಿತು. ಮನೆಗೆ ನಡೆಸಿಕೊಂಡು ಹೊರಟರೆ ಗೌರಿ, ಬೇಸಿಗೆಯ ಮಧ್ಯಾಹ್ನ ನೇಮಕಲ್ಲಿನ ಗುಡಿಯಿಂದ ಚಪ್ಪಲಿ ಬಿಟ್ಟ ಜಾಗಕ್ಕೆ ಓಡುವ ಭಕ್ತರಂತೆ, ಒಂದೊಂದು ಹೆಜ್ಜೆಗೂ ಮೆತ್ತನೆಯ ಜಾಗ ಹುಡುಕುತ್ತಾ ಬಂದಳು.

ಶ್ರಾವಣದ ಮಂಗಳವಾರ

ದಾರಿಯಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳಿದರು: "ಯಾಕ್ರಿ, ಲಾಳ ಎಲ್ಲಿ?" ಹತ್ತು ಜನಕ್ಕೆ ಗೊರಸಿನ ವಿಚಾರ ವಿವರಿಸುವಷ್ಟು ಮಾತು ನನ್ನಲ್ಲಿಲ್ಲ. ಹನ್ನೊಂದನೆಯವರು ನಮ್ಮ ಓಣಿಯ ಒಬ್ಬ ಹೆಂಗಸು. "ವ್ರತ ಹಿಡದಾಳ್ರಿ," ಅಂದುಬಿಟ್ಟೆ. ತಮಾಷೆಗೆ ಅಂದದ್ದು.

ಅದು ಶ್ರಾವಣದ ಮಂಗಳವಾರ ಎಂಬುದು ನನಗೆ ನೆನಪಿರಲಿಲ್ಲ. ಮನೆ ಮನೆಯಲ್ಲಿ ಮಂಗಳಗೌರಿ ಪೂಜೆ. ಕುದುರೆಯ ಹೆಸರು ಗೌರಿ, ಬಣ್ಣ ಬಿಳಿ, ಅದರ ಮೇಲೆ ಬರಿಗಾಲು.

ಸಂಜೆಗೆ ಐದು ಜನ ಮುತ್ತೈದೆಯರು ಬಂದರು. ಗೌರಿಯ ಹಣೆಗೆ ಅರಿಶಿನ ಕುಂಕುಮ ಹಚ್ಚಿದರು, ಆರತಿ ಎತ್ತಿದರು. ಅಲ್ಲಿಯವರೆಗೆ ಚಿಂತೆಯಿರಲಿಲ್ಲ. ಆಮೇಲೆ ಒಬ್ಬೊಬ್ಬರೂ ಸೆರಗಿನಿಂದ ಬೆಲ್ಲದ ಅಚ್ಚು ತೆಗೆದರು. ಗೊರಸು ಹೊಸದಾಗಿ ಬರುವಾಗ ಸಿಹಿ ತಿನ್ನಿಸಬಾರದೆಂದು ಅದೇ ವಾರ ಓದಿದ್ದೆ. ಸಿಹಿ ಹೆಚ್ಚಾದರೆ ಕುದುರೆಯ ಪಾದದೊಳಗೆ ಉರಿ ಏಳುತ್ತದೆ. ಇದನ್ನು ಐದು ಜನ ಮುತ್ತೈದೆಯರಿಗೆ ಹೇಳುವುದು ಹೇಗೆ? ನಾನು ಬಾಯಿ ತೆರೆಯುವುದರೊಳಗೆ ಗೌರಿ ತೆರೆದಿದ್ದಳು.

ಮರುದಿನ ಕೊಟ್ಟಿಗೆಯ ಮುಂದೆ ಕನ್ನಡದಲ್ಲೂ ತೆಲುಗಿನಲ್ಲೂ ಬೋರ್ಡು ಬರೆಸಿ ಹಾಕಿದೆ: "ಕುದುರೆಗೆ ಬೆಲ್ಲ ಕೊಡಬಾರದು."

ಮುಂದಿನ ಮಂಗಳವಾರ ಹತ್ತು ಜನ ಬಂದರು. ಬೋರ್ಡನ್ನು ಭಕ್ತಿಯಿಂದ ಓದಿದರು. ಆಮೇಲೆ ಹಿರಿಯಾಕೆ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ತುಪ್ಪ ಸವರಿದ ಹೋಳಿಗೆ.

"ಅಮ್ಮಾರ, ಬೋರ್ಡು ನೋಡ್ಲಿಲ್ರಾ?"

"ನೋಡಿವಲ್ರೀ. ಅದಕ್ಕ ಬೆಲ್ಲ ತಂದಿಲ್ಲ, ಹೋಳಿಗಿ ತಂದೀವಿ."

ಜೇಬಿಲ್ಲದ ಜೀನ್ಸ್ ಇಲ್ಲ

ಮೊದಲ ತಿಂಗಳು ಗೌರಿಗೆ ಬೀದಿಯ ಜಲ್ಲಿ ದಾಟುವುದೂ ಕಷ್ಟವಾಯಿತು. ಇಂಥ ಕುದುರೆಗಳಿಗೆ ಹೊರದೇಶಗಳಲ್ಲಿ ಬೂಟು ಹಾಕುತ್ತಾರೆಂದು ಓದಿದ್ದೆ. ಬೆಲೆ ನೋಡಿದೆ. ಆ ದುಡ್ಡಿಗೆ ನನ್ನ ಎಂಟು ಯಂತ್ರಗಳ ಜೊತೆಗೆ ಒಂಬತ್ತನೆಯದು ಬರುತ್ತಿತ್ತು. ಕಾರ್ಖಾನೆ ತುಂಬ ಜೀನ್ಸ್ ಬಟ್ಟೆ ಇಟ್ಟುಕೊಂಡು ಬೂಟಿಗೆ ಯಾಕೆ ಅಳಬೇಕು? ನಮ್ಮ ಕಟಿಂಗ್ ಮಾಸ್ತರನನ್ನು ಕರೆದೆ. ಇಪ್ಪತ್ತು ವರ್ಷದಿಂದ ನನ್ನಲ್ಲಿರುವವನು. ಪ್ಯಾಂಟು ಬಿಟ್ಟು ಬೇರೇನೂ ಕತ್ತರಿಸಿದವನಲ್ಲ.

"ಗೌರಿಗೆ ಬೂಟು ಹೊಲೀಬೇಕು. ನಾಲ್ಕು ಪದರ ಬಟ್ಟಿ, ತಳಕ್ಕ ಹಳೇ ಟೈರಿನ ರಬ್ಬರು."

ಅವನು ಟೇಪು ಹಿಡಿದು ಕೊಟ್ಟಿಗೆಗೆ ಹೋದ. ಅಲ್ಲಿಂದಲೇ ಕೂಗಿದ: "ಸೊಂಟ ಹದಿನಾರು ಬರತೈತ್ರಿ. ಉದ್ದ ಎಷ್ಟು ಇಡ್ಲಿ?"

"ಅದು ಸೊಂಟ ಅಲ್ಲ, ಗೊರಸಿನ ಸುತ್ತಳತಿ."

"ಹೌದ್ರಿ. ಸೊಂಟ ಹದಿನಾರು ಅಂತ ಬರ್ಕೊಂಡೀನಿ."

ಮೂರು ದಿನದಲ್ಲಿ ನಾಲ್ಕು ಬೂಟು ತಯಾರಾದವು. ನೀಲಿ ಬಟ್ಟೆ, ಹಳದಿ ದಾರದ ಜೋಡಿ ಹೊಲಿಗೆ, ತಾಮ್ರದ ರಿವೆಟ್ಟು. ನೋಡಿ ನನಗೇ ಹೆಮ್ಮೆಯಾಯಿತು. ಷಡ್ಡಕನ ಗಂಗೆಗೆ ಬೆಟ್ಟ ಹತ್ತಲು ಬರಬಹುದು, ಜೀನ್ಸ್ ಹಾಕಲು ಬರುವುದಿಲ್ಲ ಎಂಬ ಯೋಚನೆಯೂ ಬಂದು ಹೋಯಿತು. ಆಮೇಲೆ ಒಂದನ್ನು ತಿರುಗಿಸಿ ನೋಡಿದೆ. ಹಿಂಭಾಗದಲ್ಲಿ ಒಂದು ಜೇಬು.

"ಇದೇನಪಾ ಇದು?"

"ಹಿಂದಿನ ಜೇಬ್ರಿ."

"ಕುದುರಿ ಕಾಲಿಗೆ ಜೇಬು ಯಾಕ?"

ಅವನಿಗೆ ನಿಜವಾಗಿ ನೋವಾಯಿತು. "ಇಪ್ಪತ್ತು ವರ್ಷ ಆತ್ರಿ. ಜೇಬಿಲ್ಲದ ಜೀನ್ಸ್ ನನ್ನ ಕೈಯಿಂದ ಹೊರಗ ಹೋಗಿಲ್ಲ. ಈಗ ಒಂದು ಕುದುರಿ ಸಲುವಾಗಿ ಹೆಸರು ಕೆಡಿಸ್ಕೊಳ್ಲೇನ್ರಿ?"

ಗೌರಿ ಎರಡು ತಿಂಗಳು ಜೇಬಿನ ಬೂಟು ಹಾಕಿಕೊಂಡೇ ಓಡಾಡಿದಳು. ಬೀದಿಯವರಿಗೆ ಜೇಬು ವಿಚಿತ್ರವೆನ್ನಿಸಲಿಲ್ಲ. ಒಬ್ಬರು ಮಾತ್ರ ಜಿಪ್ಪು ಎಲ್ಲಿ ಎಂದು ಕೇಳಿದರು.

ಒಳ್ಳೆಯ ವಾಕ್ಯಕ್ಕೆ ಮೋಸಹೋದದ್ದು

ದಸರಾ ಕಳೆಯಿತು. ಬೂಟು ಬಿಚ್ಚಿದರೆ ಗೌರಿ ಮಣ್ಣಿನ ಮೇಲೆ ಚೆನ್ನಾಗಿ ನಡೆಯುತ್ತಿದ್ದಳು, ಕಲ್ಲಿನ ಮೇಲೆ ಇಲ್ಲ. ಷಡ್ಡಕನಿಂದ ಮತ್ತೊಂದು ವಿಡಿಯೋ. ಈ ಸಲ ಗಂಗೆ ಜಲ್ಲಿ ರಾಶಿಯ ಮೇಲೆ ನಿಂತು ಬಾಲ ಬೀಸುತ್ತಿದ್ದಳು.

ಎರಡು ದಿನ ತಡೆದೆ. ಮೂರನೆಯ ದಿನ ಫೋನ್ ಮಾಡಿದೆ. ಮಳೆ, ಗೂಡಿನ ದರ, ಅತ್ತೆಯ ಮಂಡಿನೋವು ಎಲ್ಲ ಆದ ಮೇಲೆ, ಈಗ ತಾನೇ ಹೊಳೆಯಿತೆಂಬಂತೆ ಕೇಳಿದೆ:

"ಗಂಗಿಗೆ ಏನ್ ಮೇವು ಹಾಕ್ತೀಯಪ್ಪ?"

ಅವನು ಒಂದು ಕ್ಷಣವೂ ತಡವರಿಸಲಿಲ್ಲ. "ನಮ್ಮ ತೋಟದ ಹಿಪ್ಪುನೇರಳೆ ಸೊಪ್ಪು ಅಣ್ಣ. ಹುಳ ತಿಂದ್ರೆ ಬಾಯಿಂದ ರೇಷ್ಮೆ ಬತ್ತದೆ, ಕುದುರೆ ತಿಂದ್ರೆ ಕಾಲಾಗೆ ಗೊರಸು ಬರಾಕಿಲ್ವಾ?"

ವಾಕ್ಯ ಚೆನ್ನಾಗಿತ್ತು. ಓದುವ ಚಟದವರು ಮೋಸಹೋಗುವುದು ಹೀಗೆಯೇ. ವಾಕ್ಯ ಸರಿಯಾಗಿ ಕೂತಿದ್ದರೆ ಒಳಗಿನದೂ ಸರಿಯಿರಬೇಕು ಎಂದುಕೊಳ್ಳುತ್ತಾರೆ. ಹಿಪ್ಪುನೇರಳೆ ಬೆಳೆಯುವವರನ್ನು ಹುಡುಕಿ ಮೂರು ಮೂಟೆ ಸೊಪ್ಪು ಬಸ್ಸಿನ ಮೇಲೆ ಹಾಕಿಸಿ ತರಿಸಿದೆ. ಗೌರಿ ಮೂಸಿದಳು. ನನ್ನ ಮುಖ ನೋಡಿದಳು. ತಿರುಗಿ ನಿಂತಳು. ಬೆಲ್ಲ, ಹೋಳಿಗೆ ಕಂಡವಳು ಸೊಪ್ಪಿಗೆ ಒಲಿಯುತ್ತಾಳೆಯೇ?

ಮೂರು ಮೂಟೆಯನ್ನೂ ಪಕ್ಕದ ಮನೆಯ ಮೇಕೆಗಳು ತಿಂದವು. ಅವುಗಳ ಗೊರಸುಗಳು ಈಗ ಬಹಳ ಚೆನ್ನಾಗಿವೆ.

ಕೆಸರಿಗೆ ಹೆದರಿದವನು

ಕಾರ್ತಿಕದಲ್ಲಿ ಮದುವೆಯ ಮಾತುಕತೆಗೆಂದು ಮಡಕಶಿರಕ್ಕೆ ಹೋದೆ. ಎರಡು ಬಸ್ಸು ಬದಲಿಸಬೇಕು. ದಾರಿಯುದ್ದಕ್ಕೂ ಗಂಗೆಯ ಗುಟ್ಟನ್ನು ಹೇಗೆ ಹೊರಡಿಸುವುದೆಂದು ಯೋಚಿಸಿದೆ. ಹೊರಡಿಸುವ ಅಗತ್ಯವೇ ಬರಲಿಲ್ಲ, ಅದು ಅಂಗಳದಲ್ಲೇ ಬಿದ್ದಿತ್ತು.

ಷಡ್ಡಕ ಅಂಗಳದ ನೀರಿನ ತೊಟ್ಟಿಯ ಸುತ್ತ ಹತ್ತು ಹೆಜ್ಜೆ ಅಗಲಕ್ಕೆ ನುಣುಪು ಕಲ್ಲುಗಳನ್ನು ಹರಡಿದ್ದ. ಗಂಗೆ ನೀರಿಗೆ ಬಂದಾಗಲೆಲ್ಲ, ದಿನಕ್ಕೆ ಹತ್ತಾರು ಸಲ, ಆ ಕಲ್ಲುಗಳ ಮೇಲೆ ನಿಂತು ಕುಡಿಯುತ್ತಿದ್ದಳು. ಪಾದ ತಾನಾಗಿಯೇ ಗಟ್ಟಿಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲವೆಂದು ನಾನು ಎಲ್ಲೋ ಓದಿದ್ದೆ. ಓದಿ ಮರೆತಿದ್ದೆ.

"ಈ ಕಲ್ಲು ಹಾಕು ಅಂತ ಯಾರ್ ಹೇಳಿದ್ರಪ್ಪ?" ಎಂದು ಕೇಳಿದೆ.

"ಯಾರೂ ಇಲ್ಲಣ್ಣ. ತೊಟ್ಟಿ ಸೋರ್ತಾ ಇತ್ತು, ಅಂಗಳ ಎಲ್ಲಾ ಕೆಸರು. ನಿಮ್ಮ ನಾದಿನಿ ದಿನಾ ಬಯ್ಯೋಳು. ಕಲ್ಲು ಸುರಿಸ್ದೆ."

"ಗಂಗಿ ಗೊರಸು ಗಟ್ಟಿ ಆಗಿದ್ದು...?"

"ಅದು ಅದರ ಗುಣ ಬಿಡಿ ಅಣ್ಣ."

ಅವನಿಗೆ ಗೊತ್ತೇ ಇರಲಿಲ್ಲ! ಶ್ರಮಪಟ್ಟು ಗೆದ್ದವನನ್ನು ಕಂಡು ಹೊಟ್ಟೆ ಉರಿದರೆ ಅದಕ್ಕೊಂದು ಮರ್ಯಾದೆ ಇದೆ. ಹೆಂಡತಿಯ ಬೈಗುಳಕ್ಕೆ ಹೆದರಿ ಗೆದ್ದವನನ್ನು ಕಂಡು ಉರಿಯುವುದು ಹೇಗೆ? ನಾನು ಉರಿದೆ. ಮರುದಿನವೇ ಊರಿಗೆ ಬಂದು, ಅರ್ಧ ಟ್ರ್ಯಾಕ್ಟರ್ ನುಣುಪು ಕಲ್ಲು ತರಿಸಿ ನಮ್ಮ ತೊಟ್ಟಿಯ ಸುತ್ತ ಸುರಿಸಿದೆ.

ನನ್ನ ಹೆಂಡತಿ ಬಂದು ನೋಡಿದಳು. "ನಮ್ಮ ತೊಟ್ಟಿ ಸೋರಲ್ವಲ್ಲ, ಕಲ್ಲು ಯಾಕೆ?" ಎಂದು ಕೇಳಿದಳು. ಆಕೆಗೆ ಕಾರಣ ಹೇಳಲು ನಾಚಿಕೆಯಾಯಿತು. ಸುತ್ತಿಗೆ ತಂದು ತೊಟ್ಟಿಗೆ ಒಂದು ಏಟು ಹಾಕಿದೆ. ಸೋರತೊಡಗಿತು.

ಮೆರವಣಿಗೆ

ಸಂಕ್ರಾಂತಿಯ ಹೊತ್ತಿಗೆ ಮೊಳೆಯ ತೂತುಗಳೆಲ್ಲ ಸವೆದು ಹೋದವು. ಹೊಸ ಗೊರಸು ಬಟ್ಟಲಿನ ಹಾಗೆ ದುಂಡಗೆ ಇಳಿಯಿತು. ಗೌರಿ ರೈಲು ಹಳಿಯ ಪಕ್ಕದ ಜಲ್ಲಿಯ ಮೇಲೂ ತಲೆ ಎತ್ತಿ ನಡೆದಳು. ನಾನು ಯಾರಿಗೂ ಹೇಳಲಿಲ್ಲ. ಷಡ್ಡಕ ಫೋನಿನಲ್ಲಿ "ಗೌರಿ ಹೆಂಗವ್ಳೆ ಅಣ್ಣ?" ಎಂದು ಕೇಳಿದರೆ "ಅದಾಳಪ್ಪ," ಎಂದಷ್ಟೇ ಹೇಳಿ ಒಂದು ನಿಟ್ಟುಸಿರು ಸೇರಿಸುತ್ತಿದ್ದೆ. ಕಡಿಮೆ ಮಾತಾಡುವವರಿಗೆ ಇದೊಂದು ಅನುಕೂಲ, ಸುಳ್ಳನ್ನೂ ಕಡಿಮೆ ಮಾತಿನಲ್ಲಿ ಹೇಳಬಹುದು.

ಮದುವೆಯ ದಿನ ಗೂಡ್ಸ್ ಗಾಡಿಯಲ್ಲಿ ಗೌರಿಯನ್ನು ಮಡಕಶಿರಕ್ಕೆ ತಂದೆ. ಮೆರವಣಿಗೆ ಹೊರಡುವ ಗುಡಿಯ ಮುಂದೆ ಇಳಿಸಿದೆ. ಆಕೆ ಬೆಕ್ಕಿನಂತೆ ಸದ್ದಿಲ್ಲದೆ ಇಳಿದಳು. ಷಡ್ಡಕ ಈ ಕಾಲುಗಳನ್ನು ನೋಡುವ ಕ್ಷಣಕ್ಕಾಗಿ ಆರು ತಿಂಗಳು ಕಾದಿದ್ದೆ.

ಆಗ ಬೀದಿಯ ತುದಿಯಿಂದ ಸದ್ದು ಬಂತು. ಟಕ್. ಟಕ್. ಟಕ್. ಷಡ್ಡಕ ರೇಷ್ಮೆ ಪಂಚೆ ಉಟ್ಟು ಗಂಗೆಯನ್ನು ಹಿಡಿದುಕೊಂಡು ಬರುತ್ತಿದ್ದ. ಗಂಗೆಯ ನಾಲ್ಕೂ ಕಾಲಿಗೆ ಹೊಚ್ಚಹೊಸ ಲಾಳ.

ಇಬ್ಬರೂ ಎದುರುಬದುರು ನಿಂತೆವು. ಅವನು ಗೌರಿಯ ಕಾಲು ನೋಡಿದ. ನಾನು ಗಂಗೆಯ ಕಾಲು ನೋಡಿದೆ.

"ಅಯ್ಯೋ ಅಣ್ಣ! ಲಾಳ ಎಲ್ಲಿ?"

"ನಿನ್ನ ಕುದುರಿಗೆ ಯಾಕಪ್ಪ ಬಂತು? ಹುಟ್ಟಿದಾಗಿಂದ ಕಬ್ಬಿಣ ಕಂಡಿಲ್ಲ ಅಂದಿದ್ದಿ?"

ಅವನ ಮುಖ ಕೆಂಪಾಯಿತು. "ನಿಮ್ಮ ಗೌರಿ ಮೆರವಣಿಗೇಲಿ ಟಕ್ ಟಕ್ ಅಂತ ಬಂದ್ರೆ ಇಡೀ ಬೀದಿ ತಿರುಗಿ ನೋಡ್ತದೆ. ನಮ್ಮದು ಬಂದ್ರೆ ನಾಯಿನೂ ಏಳಾಕಿಲ್ಲ. ಎಷ್ಟು ವರ್ಷದಿಂದ ಹೊಟ್ಟೆ ಉರೀತಾ ಐತೆ ಗೊತ್ತಾ ಅಣ್ಣ? ಹೋದ ವಾರ ಹೊಡೆಸಿಬಿಟ್ಟೆ."

ನಾವು ಷಡ್ಡಕರಾದ ಹದಿನೆಂಟು ವರ್ಷದಲ್ಲಿ ನನ್ನನ್ನು ಕಂಡು ಒಬ್ಬರಿಗೆ ಹೊಟ್ಟೆ ಉರಿದಿದೆ ಎಂದು ಕೇಳಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ಕಣ್ಣು ತುಂಬಿ ಬಂತು.

ಅತ್ತೆ ಗುಡಿಯ ಮೆಟ್ಟಿಲ ಮೇಲೆ ನಿಂತು ಎರಡೂ ಕುದುರೆಗಳನ್ನು ಹತ್ತು ಹೆಜ್ಜೆ ನಡೆಸಿ ಎಂದರು. ಗಂಗೆ ಒಂದು ಹೆಜ್ಜೆ ಇಟ್ಟಳು, ಟಕ್ ಎಂದಿತು. ಯಾರು ಎಂದು ತಿರುಗಿ ನೋಡಿದಳು. ಇನ್ನೊಂದು ಹೆಜ್ಜೆ, ಮತ್ತೆ ತಿರುಗಿದಳು. ಗೌರಿ ಹತ್ತು ಹೆಜ್ಜೆ ಮುಗಿಸಿ ನಿಂತಾಗ ಗಂಗೆ ಮೂರನೆಯದರಲ್ಲಿದ್ದಳು.

"ಗೌರೀನೇ," ಅಂದರು ಅತ್ತೆ. "ಗಂಗೇನೂ ನಿಮ್ಮ ಮಾವ ಸಾಕಿದ್ದು, ಹಿಂದೆ ಬರ್ಲಿ." ಆಮೇಲೆ ನನ್ನ ಕಡೆ ತಿರುಗಿ, ಏನೂ ಅಲ್ಲವೆಂಬಂತೆ ಕೇಳಿದರು: "ಜೇಬಿನ ಬೂಟು ತರ್ಲಿಲ್ವಾ ಅಳಿಯಂದ್ರೆ? ತೊಟ್ಟಿ ಸೋರೋದು ನಿಂತಿತಾ?"

ನಾನು ಹೆಂಡತಿಯ ಮುಖ ನೋಡಿದೆ. ಆಕೆ ತಲೆ ಅಲ್ಲಾಡಿಸಿದಳು: ನಾನಲ್ಲ.

ಯೋಚಿಸಲು ಸಮಯವಿರಲಿಲ್ಲ. ಮದುಮಗ ಗೌರಿಯ ಮೇಲೆ ಹತ್ತಿದ. ನಾನು ಲಗಾಮು ಹಿಡಿದು ಮುಂದೆ ನಡೆದೆ. ಹಣ್ಣಿನ ತಟ್ಟೆ ಷಡ್ಡಕನ ಕೈಯಲ್ಲಿ, ಹೆಂಗಸರ ಗುಂಪಿನಲ್ಲಿ. ಗೆದ್ದೆ ಎಂದುಕೊಂಡೆ. ನೂರು ಹೆಜ್ಜೆಯವರೆಗೆ ಹಾಗೆಯೇ ಇತ್ತು.

ಬ್ಯಾಂಡು ಶುರುವಾಯಿತು. ಬರಿಗಾಲಿನ ಕುದುರೆ ಎಷ್ಟು ಮೆತ್ತಗೆ ನಡೆಯುತ್ತದೆಂದರೆ, ನಮ್ಮ ಪಾಡಿಗೆ ನಾವು ಹೋಗುತ್ತಿದ್ದೆವು, ಯಾರೂ ನೋಡಲಿಲ್ಲ. ಹಿಂದೆ ಗಂಗೆಗೆ ತನ್ನ ಲಾಳದ ಸದ್ದು ಕೇಳಿಸಿತು. ಬೆಚ್ಚಿ ಕಾಲೆತ್ತಿದಳು. ಇಳಿಸಿದಾಗ ಮತ್ತೆ ಟಕ್. ಇನ್ನೊಂದು ಕಾಲೆತ್ತಿದಳು. ಬ್ಯಾಂಡಿನವರು ಕಂಡು ತಾಳ ಬದಲಿಸಿ ಅವಳ ಹೆಜ್ಜೆಗೆ ಹೊಂದಿಸಿಕೊಂಡರು. "ಕುಣಿಯೋ ಕುದುರೆ! ಕುಣಿಯೋ ಕುದುರೆ!" ಎಂದು ಕೂಗೆದ್ದಿತು. ವಿಡಿಯೋದವನು ಹಿಂದಕ್ಕೆ ಓಡಿದ. ಮಹಡಿಗಳಿಂದ ಹೂವು ಬಿದ್ದವು, ಎಲ್ಲವೂ ಹಿಂದೆ. ಷಡ್ಡಕ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಲಗಾಮು ಹಿಡಿದು ತಾನೂ ಕುಣಿಯತೊಡಗಿದ. ಅವನಿಗೆ ಅದೂ ಬರುತ್ತದೆ.

ಗೌರಿಯ ಮೇಲಿದ್ದ ಮದುಮಗ ಹಿಂದಕ್ಕೆ ತಿರುಗಿ ನೋಡಿ, ಬಗ್ಗಿ ನನ್ನ ಕಿವಿಯಲ್ಲಿ ಕೇಳಿದ: "ಭಾವ, ಸ್ವಲ್ಪ ನಿಲ್ಸಿ. ನಾನೂ ಅದನ್ನ ನೋಡ್ಬೇಕು."

ಪಂಕ್ತಿಯಲ್ಲಿ

ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಲಾಳದ ಅಜ್ಜ ಕೂತಿದ್ದರು. ಕೆಳಗೆ ಮಡಿಕೆ ಮುರಿಯದ ಹೊಸ ಜೀನ್ಸ್ ಪ್ಯಾಂಟು, ಮೇಲೆ ಹೊಳೆಯುವ ರೇಷ್ಮೆ ಅಂಗಿ. ಎಲೆಗೆ ಪಾಯಸ ಬಡಿಸುತ್ತ ಬಂದ ನನ್ನ ಹೆಂಡತಿ ಅವರನ್ನು ನೋಡಿ ನಿಂತಳು.

"ಅಜ್ಜ, ಗಂಗೆಗೆ ಲಾಳ ಹೊಡೆದಿದ್ದೂ ನೀವೇನಾ?"

"ಹೌದು ತಾಯಿ. ಈ ಕಡೆ ಆ ಕೆಲಸದವರು ಯಾರದಾರ? ರಾಯದುರ್ಗದಾಗ ಕಿತ್ತಾವನೂ ನಾನ, ಇಲ್ಲಿ ಬಡದಾವನೂ ನಾನ."

"ಹಂಗಾದ್ರೆ ಇಬ್ಬರಿಗೂ ಒಂದು ಮಾತು ಹೇಳಬಾರದಿತ್ತಾ?"

"ಹೆಂಗ ಹೇಳ್ಲಿ? ಬರಿಗಾಲಿನ ಸುದ್ದಿ ಷಡ್ಡಕಗ ಹೇಳಬ್ಯಾಡ ಅಂತ ನಿಮ್ಮ ಯಜಮಾನ್ರು ಎರಡು ಪ್ಯಾಂಟು ಕೊಟ್ರು. ಲಾಳದ ಸುದ್ದಿ ಅಣ್ಣಗ ಹೇಳಬ್ಯಾಡ ಅಂತ ಅವ್ರು ಈ ಅಂಗಿ ಕೊಡಿಸಿದ್ರು. ತಗೊಂಡ ಮ್ಯಾಲ ಮಾತು ಉಳಿಸ್ಕೋಬೇಕಲ್ಲ ತಾಯಿ."

ಹೆಂಡತಿ ನನ್ನ ಕಡೆ ನೋಡಿದಳು. ನಾನು ಎಲೆಯ ಮೇಲಿನ ಉಪ್ಪಿನ ಕಡೆ ನೋಡಿದೆ. ಆ ಎರಡು ಪ್ಯಾಂಟು ದಾರಿಯಲ್ಲಿ ಕಳೆದುಹೋದವೆಂದು ಆಕೆಗೆ ಹೇಳಿದ್ದೆ. ಮೂರು ಎಲೆ ಆಚೆ ಕೂತಿದ್ದ ಷಡ್ಡಕನಿಗೂ ಉಪ್ಪಿನಲ್ಲಿ ಅಷ್ಟೇ ಆಸಕ್ತಿ ಹುಟ್ಟಿತ್ತು.

"ಮಾತು ಉಳಿಸ್ಕೊಂಡಿದ್ರೆ ನಮ್ಮಮ್ಮಂಗೆ ಎಲ್ಲಾ ಹೆಂಗೆ ಗೊತ್ತಾಯ್ತು? ಜೇಬಿನ ಬೂಟು, ಸೋರೋ ತೊಟ್ಟಿ?"

ಅಜ್ಜ ಹಪ್ಪಳ ಮುರಿದು ಪಾಯಸಕ್ಕೆ ಅದ್ದಿದರು. "ಹೇಳಬ್ಯಾಡ ಅಂದಿದ್ದು ಷಡ್ಡಕರಿಗೆ. ಅವರಿಗೆ ಹೇಳಿಲ್ಲ. ದೊಡ್ಡಮ್ಮಾರು ಹೋದ ವರ್ಷ ನಿಮ್ಮ ಮನಿಗೆ ಬಂದಾಗ ನನ್ನ ನಂಬರ್ ತಗೊಂಡಿದ್ರು. ಮದುವಿ ಗೊತ್ತಾದ ಮ್ಯಾಲ ಫೋನ್ ಮಾಡಿ, ಅಳಿಯಂದ್ರು ಏನೇನು ಮಾಡ್ತಾರ ಎಲ್ಲಾ ಹೇಳು ಅಂದ್ರು. ಹೇಳು ಅಂದವರಿಗೆ ಹೇಳೀನಿ."

"ಅದಕ್ಕೆ ಅಮ್ಮ ಏನ್ ಕೊಟ್ರು?"

"ಆರು ತಿಂಗಳ ರೀಚಾರ್ಜ್, ತಾಯಿ. ದಿನಕ್ಕ ಎರಡು ಜಿಬಿ. ವಿಡಿಯೋ ಕಳಸಬೇಕಲ್ಲ."